ಹಲಗೂರಿನ ಸಾಲು ಮುಗಿಯುವ ತನಕ

ಪುಣೆಯಲ್ಲಿ ನಮ್ಮ ಬಡಾವಣೆಯ ಕನ್ನಡಿಗರೆಲ್ಲ ಸೇರಿ ಮಾಡುವ ರಾಜ್ಯೋತ್ಸವಕ್ಕೆ ಎಕ್ಸೆಲ್ ಶೀಟ್ ತಯಾರಿಸುವುದು ನಾಲ್ಕು ವರ್ಷದಿಂದ ನನ್ನ ಕೆಲಸ. ನಾಡಗೀತೆ 3 ನಿಮಿಷ, ದೀಪ ಬೆಳಗುವುದು 5, ಅತಿಥಿಗಳ ಮಾತು 10 (ಇದನ್ನು 25 ಎಂದು ಓದಿಕೊಳ್ಳಬೇಕು), ಮಕ್ಕಳ ಛದ್ಮವೇಷ 20. ಕಳೆದ ಬಾರಿಯ ಶೀಟಿನ ಹದಿನಾಲ್ಕನೇ ಸಾಲಿನಲ್ಲಿ ಹೀಗಿತ್ತು: ಜಾನಪದ, ತಂಬೂರಿ ತಂಡ, 12 ನಿಮಿಷ.

ಆ ತಂಡವನ್ನು ಕರೆಸಿದವನೂ ನಾನೇ. ನನ್ನ ಅವ್ವನ ತವರು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಆ ಕಡೆಯ ಮೂವರು ನೀಲಗಾರರು ಒಂದು ಹಗಲು, ಒಂದು ರಾತ್ರಿ ರೈಲಿನಲ್ಲಿ ಕೂತು ಬಂದಿದ್ದರು. ಮುಖ್ಯ ಹಾಡುಗಾರರಿಗೆ ಅರವತ್ತೈದರ ಮೇಲಿರಬೇಕು. ವೇದಿಕೆ ಹತ್ತಿ ಗುರುಗಳನ್ನು ನೆನೆಯುವುದರಲ್ಲೇ ಐದು ನಿಮಿಷ ಹೋಯಿತು. ಆಮೇಲೆ ಸಿದ್ದಪ್ಪಾಜಿಯ ಕಥೆಯಲ್ಲಿ ಹಲಗೂರಿನ ಸಾಲು ಎತ್ತಿಕೊಂಡರು. ಸಭೆ ಆಗಷ್ಟೇ ಕಿವಿ ಕೊಡಲು ಶುರು ಮಾಡಿತ್ತು. ಮುಖ್ಯ ಅತಿಥಿಗೆ ವಿಮಾನದ ಹೊತ್ತಾಗುತ್ತಿತ್ತು. ನಾನು ವೇದಿಕೆಯ ಪಕ್ಕದಲ್ಲಿ ನಿಂತು "2 ನಿಮಿಷ" ಎಂದು ಬರೆದ ಚೀಟಿ ಎತ್ತಿ ತೋರಿಸಿದೆ. ಅವರು ನನ್ನನ್ನೊಮ್ಮೆ ನೋಡಿದರು. ಅಲ್ಲಿಗೇ ಕಥೆ ತಡೆದು ಮಂಗಳ ಹಾಡಿ ಇಳಿದುಬಿಟ್ಟರು. ಜೋರು ಚಪ್ಪಾಳೆ ಬಿತ್ತು.

ಊಟದ ಹೊತ್ತಿನಲ್ಲಿ ಬಿಸಿಬೇಳೆಬಾತ್ ತಟ್ಟೆ ಹಿಡಿದು ಪಕ್ಕಕ್ಕೆ ಹೋಗಿ, "ಬೋ ಚೆನ್ನಾಗಿತ್ತು ತಾತ" ಅಂದೆ.

"ಏನ್ ಚೆನ್ನಾಗಿತ್ತು ಮಗಾ?" ಅಂದರು. ಸಿಟ್ಟೇನೂ ಇರಲಿಲ್ಲ ದನಿಯಲ್ಲಿ. "ಸಿದ್ದಪ್ಪಾಜಿ ಕೈಲಿ ನಂಜಿನ ಬಟ್ಲು ಹಿಡ್ಕೊಂಡು ನಿಂತವ್ರೆ. ಕುಡಿಲೂ ಇಲ್ಲ, ಇಳುಸ್ಲೂ ಇಲ್ಲ. ಹಂಗೇ ನಿಲ್ಸ್‌ಬುಟ್ಟು ಬಂದಿವ್ನಿ. ನಮ್ಮೂರಲ್ಲಿ ಯಾರ ಮನೇಲೂ ಹಿಂಗೆ ಮಾಡಿಲ್ಲ ನಾನು."

ಸ್ವಲ್ಪ ಹೊತ್ತು ಬಿಟ್ಟು ಅವರೇ ಅಂದರು: "ಹುಣ್ಣಿಮೆಗೆ ಚಿಕ್ಕಲ್ಲೂರಿಗೆ ಬಾ. ಅಲ್ಲಿ ಮುಗುಸ್ತೀನಿ."

ಮಂಡ್ಯ, ಮೈಸೂರು, ಚಾಮರಾಜನಗರದ ಕಡೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಧಾರವಾಡ, ಬೀದರ, ಉಡುಪಿಯಿಂದ ಬಂದ ಓದುಗರಿಗಾಗಿ ನಾಲ್ಕು ಮಾತು. ಮಂಟೇಸ್ವಾಮಿಯ ಕಥೆ ಕನ್ನಡದ ದೊಡ್ಡ ಜನಪದ ಮಹಾಕಾವ್ಯಗಳಲ್ಲಿ ಒಂದು. ಮೈಯೆಲ್ಲ ಕುಷ್ಠ ತುಂಬಿದ ತಿರುಕನ ರೂಪದಲ್ಲಿ ಕಲ್ಯಾಣಕ್ಕೆ ಹೋಗಿ, ಬಸವಣ್ಣನ ಮನೆಯಲ್ಲಿ ಉಣ್ಣುತ್ತಿದ್ದ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರ ಬಣ್ಣ ಬಯಲು ಮಾಡುವ ಗುರು ಇವನು. ಅಲ್ಲಿಂದ ತೆಂಕಣಕ್ಕೆ ನಡೆದು ಬರುತ್ತಾ ಶಿಷ್ಯರನ್ನು ಕಟ್ಟುತ್ತಾನೆ. ಅವರಲ್ಲಿ ನಿಡುಘಟ್ಟದ ಆಚಾರಿ ಮನೆಯ ಹುಡುಗ ಕೆಂಪಾಚಾರಿಯೇ ಮುಂದೆ ಸಿದ್ದಪ್ಪಾಜಿ. ಗುರುವಿನ ಅಪ್ಪಣೆಯಂತೆ ಈತ ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ಬೇಡಲು ಹೋಗುತ್ತಾನೆ. ತನ್ನದೇ ಕುಲದವರು ಕಬ್ಬಿಣವಿಲ್ಲ ಎಂದು ಸುಳ್ಳು ಹೇಳಿ ಒಂದರ ಮೇಲೊಂದು ಪವಾಡ ಒಡ್ಡುತ್ತಾರೆ. ನಾನು ಚೀಟಿ ತೋರಿಸಿದ್ದು ಅದರ ಮಧ್ಯದಲ್ಲಿ.

ಕಾವ್ಯದ ಒಂದೊಂದು ಭಾಗಕ್ಕೆ 'ಸಾಲು' ಎನ್ನುತ್ತಾರೆ. ಕಲ್ಯಾಣದ ಸಾಲು, ಹಲಗೂರಿನ ಸಾಲು, ಹೀಗೆ. ಹಾಡುವವರು ನೀಲಗಾರರು. ಇವರು ದೀಕ್ಷೆ ಪಡೆದವರು. ತಂಬೂರಿ, ಡಕ್ಕಿ, ತಾಳ, ಗಗ್ಗರ ಇವರ ವಾದ್ಯ. ಹಾಡು ಸ್ವಲ್ಪ, ಮಾತು ಸ್ವಲ್ಪ, ಹಿಮ್ಮೇಳದವರು ಸೊಲ್ಲು ಹಿಡಿಯುವುದು ಸ್ವಲ್ಪ. ಹೀಗೆ ರಾತ್ರಿಯಿಡೀ ನಡೆಯುತ್ತದೆ. ಇಡೀ ಕಾವ್ಯಕ್ಕೆ ಒಂದು ರಾತ್ರಿ ಸಾಲದು. ಹಿ.ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಇದನ್ನು ಪುಸ್ತಕ ಮಾಡಿದೆ. ದಪ್ಪ ಪುಸ್ತಕ.

ನಮ್ಮ ಹಳ್ಳಿಗಳಲ್ಲಿ ಇದನ್ನು 'ಕಾರ್ಯಕ್ರಮ' ಅನ್ನುವುದಿಲ್ಲ, 'ಕಥೆ ಮಾಡಿಸುವುದು' ಅನ್ನುತ್ತಾರೆ. ಅದು ಹರಕೆ. ಮಗುವಿಗೆ ಜ್ವರ ಬಿಟ್ಟರೆ, ಎಮ್ಮೆ ಕರು ಹಾಕಿದರೆ, ಬೋರ್‌ವೆಲ್ಲಿನಲ್ಲಿ ನೀರು ಬಿದ್ದರೆ ಮನೆಯಲ್ಲಿ ಕಥೆ ಮಾಡಿಸುತ್ತೇವೆ ಎಂದು ಹೊರುತ್ತಾರೆ. ನನಗೆ ಎಂಟು ವರ್ಷವಿದ್ದಾಗ ಅಜ್ಜಿ ಮನೆಯ ಪಡಸಾಲೆಯಲ್ಲಿ ಕಥೆ ನಡೆದದ್ದು ಮಸುಕಾಗಿ ನೆನಪಿದೆ. ಕಂಬಕ್ಕೊರಗಿ ನಿದ್ದೆ ಹೋಗುವುದು, ಹಿಮ್ಮೇಳದ ಸದ್ದಿಗೆ ಬೆಚ್ಚಿ ಏಳುವುದು, ಮತ್ತೆ ನಿದ್ದೆ. ಬೆಳಗಾದಾಗ ಹಣೆಯ ಮೇಲೆ ಕಪ್ಪು ಧೂಳ್ತ ಇತ್ತು.

ನಾನು ಎಂ.ಟೆಕ್. ಕೊನೆಯ ವರ್ಷದಲ್ಲಿದ್ದಾಗ ಅಜ್ಜಿ ಇನ್ನೊಂದು ಹರಕೆ ಹೊತ್ತಿದ್ದಳು. ಮೊಮ್ಮಗನಿಗೆ ಕೆಲಸ ಸಿಕ್ಕರೆ ಕಥೆ ಮಾಡಿಸುತ್ತೇನೆ ಎಂದು. ಕೆಲಸ ಸಿಕ್ಕಿತು. ಪ್ರತಿ ವರ್ಷ ಫೋನಿನಲ್ಲಿ ಕೇಳುತ್ತಿದ್ದಳು, "ಈ ಸುಗ್ಗೀಲಿ ಬತ್ತೀಯಾ? ನೀಲಗಾರರಿಗೆ ವೀಳ್ಯ ಕೊಡ್ಲಾ?" ರಿಲೀಸ್ ಇದೆ, ಆನ್‌ಸೈಟ್ ಇದೆ, ಮಗುವಿಗೆ ಪರೀಕ್ಷೆ ಇದೆ. ಮುಂದಿನ ವರ್ಷ ಅಜ್ಜಿ. 2016ರಲ್ಲಿ ಅಜ್ಜಿ ಹೋದಳು. ಹರಕೆ ಹಾಗೇ ಉಳಿಯಿತು.

ಹೀಗಾಗಿ ಜನವರಿಯಲ್ಲಿ ಮೂರು ದಿನ ರಜೆ ಹಾಕಿ ಬೆಂಗಳೂರಿಗೆ ಬಂದೆ. ಚಿಕ್ಕಮ್ಮನ ಮಗ ಕಾರು ತಂದಿದ್ದ. ಮೈಸೂರು ಎಕ್ಸ್‌ಪ್ರೆಸ್‌ವೇ ಹಿಡಿಯೋಣ ಅಂದ. ಹಳೇ ರಸ್ತೆಯಲ್ಲೇ ಹೋಗೋಣ ಅಂದೆ. ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ ಎರಡನ್ನೂ ಹೊರಗಿಟ್ಟು ಹೋಗುತ್ತದೆ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇರುವುದು ರಾಮನಗರದ ಹತ್ತಿರ ಹಳೇ ರಸ್ತೆಯ ಮೇಲೆ. ಅಲ್ಲಿ ಇಳಿದು ಒಂದು ಗಂಟೆ ಸುತ್ತಿದೆವು. ಗಾಜಿನ ಹಿಂದೆ ವಾದ್ಯಗಳಿದ್ದವು. ಶಾಲೆಯ ಮಕ್ಕಳು ಸಾಲಾಗಿ ನೋಡುತ್ತಾ ಹೋಗುತ್ತಿದ್ದರು. ಇಷ್ಟಾದರೂ ಕೂಡಿಟ್ಟ ಪುಣ್ಯಾತ್ಮರು ಎಂದುಕೊಂಡೆ. ಅಲ್ಲಿ ವರ್ಷಕ್ಕೊಮ್ಮೆ ಲೋಕೋತ್ಸವ ನಡೆಯುತ್ತದೆ, ನಾನಾ ಜಿಲ್ಲೆಯ ಕಲಾವಿದರು ಸೇರುತ್ತಾರೆ.

ಚನ್ನಪಟ್ಟಣ ದಾಟಿ ಮದ್ದೂರಿಗೆ ಮೊದಲು ಸಿಗುವುದು ನಿಡಘಟ್ಟ. ಎಕ್ಸ್‌ಪ್ರೆಸ್‌ವೇ ಸುದ್ದಿಯಲ್ಲಿ 'ಬೆಂಗಳೂರು–ನಿಡಘಟ್ಟ ಪ್ಯಾಕೇಜ್' ಎಂದು ನಾನು ಎಷ್ಟು ಸಲ ಓದಿದ್ದೇನೋ! ಅದೇ ಕೆಂಪಾಚಾರಿಯ ನಿಡುಘಟ್ಟ ಎಂದು ಹೊಳೆದದ್ದು ಆ ಊರಿನ ಫಲಕ ಕಣ್ಣಿಗೆ ಬಿದ್ದಾಗ. ಹೆತ್ತವರ ಮಡಿಲಿನಿಂದ ಮಗನನ್ನು ಗುರು ಕೇಳಿ ಪಡೆದ ಊರು. ಕಾರು ನಿಲ್ಲಿಸಿ ಎಳನೀರು ಕುಡಿದೆವು. ಎಳನೀರಿನವನಿಗೆ ಸಿದ್ದಪ್ಪಾಜಿ ಗೊತ್ತಿತ್ತು. "ಜಾತ್ರೆಗಾ? ನಮ್ಮನೆಯವ್ರೂ ಹೋಗವ್ರೆ" ಅಂದ.

ಮದ್ದೂರಿನಿಂದ ಮಳವಳ್ಳಿ. ಅಲ್ಲಿಂದ ಬೊಪ್ಪೇಗೌಡನಪುರಕ್ಕೆ ಹೋಗಿ ಮಂಟೇಸ್ವಾಮಿಯ ಗದ್ದುಗೆಗೆ ಕೈಮುಗಿದೆವು. ಆಮೇಲೆ ಸತ್ತೇಗಾಲದ ಹತ್ತಿರ ಕಾವೇರಿ ದಾಟಿ ಕೊಳ್ಳೇಗಾಲ. ನಾನು ಹುಟ್ಟಿದ ಸೀಮೆಯಲ್ಲೇ ಇಷ್ಟು ಊರುಗಳು ಒಂದೇ ಕಥೆಯೊಳಗೆ ಪೋಣಿಸಿಕೊಂಡಿವೆ. ಮೂವತ್ತೆಂಟು ವರ್ಷ ಇವನ್ನು ಬಸ್ ಸ್ಟಾಪುಗಳಾಗಿಯಷ್ಟೇ ಕಂಡಿದ್ದೆ.

ಚಿಕ್ಕಲ್ಲೂರು ಕಾಡಂಚಿನ ಊರು. ಪುಷ್ಯ ಮಾಸದ ಹುಣ್ಣಿಮೆಗೆ ಐದು ದಿನ ಜಾತ್ರೆ. ಮೊದಲ ರಾತ್ರಿ ಚಂದ್ರಮಂಡಲ. ಆಮೇಲೆ ದೊಡ್ಡವರ ಸೇವೆ, ಮುಡಿಸೇವೆ, ಪಂಕ್ತಿಸೇವೆ, ಕೊನೆಯ ದಿನ ಮುತ್ತತ್ತಿರಾಯನ ಸೇವೆ. ಪಂಕ್ತಿಸೇವೆ ಎಂದರೆ ಜಾತಿ ಕೇಳದೆ ಒಂದೇ ಸಾಲಿನಲ್ಲಿ ಕೂತು ಉಣ್ಣುವುದು. ಮಾಂಸದ ಅಡುಗೆಯ ಈ ಸೇವೆಯ ಸುತ್ತ ಪ್ರಾಣಿಬಲಿಯ ವಾದವಿವಾದ ಎದ್ದು, ದಾರಿಯಲ್ಲಿ ಪೊಲೀಸರು ವಾಹನ ತಡೆದು ನೋಡುತ್ತಾರೆ. ನಮ್ಮ ಡಿಕ್ಕಿಯನ್ನೂ ತೆಗೆಸಿ ನೋಡಿದರು. ಇದ್ದದ್ದು ನನ್ನ ಲ್ಯಾಪ್‌ಟಾಪ್ ಬ್ಯಾಗು.

ಬಯಲ ತುಂಬ ಬಿಡಾರಗಳು. ಟಾರ್ಪಾಲು ಕಟ್ಟಿ, ಮೂರು ಕಲ್ಲಿಟ್ಟು ಒಲೆ ಹೂಡಿ, ಇಡೀ ಸಂಸಾರ ಬಂದು ಕೂತಿದೆ. ಅವರೆಕಾಳಿನ ಸಾರಿನ ವಾಸನೆ, ಸೌದೆ ಹೊಗೆ, ಪೀಪಿಯ ಸದ್ದು. ಹಿಂದೆ ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ ಮಾರುತ್ತಿದ್ದಂಥ ಅಂಗಡಿಯಲ್ಲಿ ಈಗ ಅದೇ ದನಿ ಪೆನ್‌ಡ್ರೈವಿನಲ್ಲಿ ಸಿಗುತ್ತದೆ. ರಾತ್ರಿ ಗದ್ದುಗೆಯ ಮುಂದೆ ಚಂದ್ರಮಂಡಲಕ್ಕೆ ಬೆಂಕಿ ಮುಟ್ಟಿಸಿದಾಗ ಸಾವಿರಾರು ಜನ ಒಟ್ಟಿಗೆ ಕೂಗಿದರು. ಜ್ವಾಲೆ ಯಾವ ದಿಕ್ಕಿಗೆ ವಾಲುತ್ತದೋ ಆ ದಿಕ್ಕಿಗೆ ಮಳೆ ಬೆಳೆ ಚೆನ್ನ ಎಂಬ ನಂಬಿಕೆ. ನನ್ನ ಪಕ್ಕದ ರೈತರೊಬ್ಬರು ಬೆಂಕಿಯನ್ನು ನಾವು ಡ್ಯಾಶ್‌ಬೋರ್ಡ್ ನೋಡುವುದಕ್ಕಿಂತ ಗಮನವಿಟ್ಟು ನೋಡುತ್ತಿದ್ದರು.

ತಾತ ಸಿಕ್ಕಿದ್ದು ಹನ್ನೊಂದೂವರೆ ಮೇಲೆ, ಒಂದು ಹುಣಸೆ ಮರದ ಕೆಳಗೆ. "ಬಂದ್ಯಾ? ಕೂತ್ಕೊ" ಅಂದರು, ನಿನ್ನೆಯಷ್ಟೇ ನೋಡಿದವರ ಹಾಗೆ. ಮೈಕ್ ಇಲ್ಲ. ಸುತ್ತ ನಲವತ್ತು ಐವತ್ತು ಜನ ಕಂಬಳಿ ಹೊದ್ದು ಕೂತಿದ್ದರು. ಆಚೆಗೆ ಇನ್ನೊಂದು ಮರದ ಕೆಳಗೆ ಇನ್ನೊಂದು ತಂಡ. ತಂಬೂರಿ ಶ್ರುತಿಗೆ ಬಂತು. ಹಲಗೂರಿನ ಸಾಲು ಮೊದಲಿನಿಂದ ಶುರುವಾಯಿತು.

ಪುಣೆಯಲ್ಲಿ ಕೇಳಿದ ಕಥೆಯೇ ಇದು ಎಂದು ನನಗೆ ಅನ್ನಿಸಲೇ ಇಲ್ಲ. ಅಲ್ಲಿ ಸಿದ್ದಪ್ಪಾಜಿ ಹಲಗೂರಿಗೆ ಎರಡು ನಿಮಿಷದಲ್ಲಿ ತಲುಪಿದ್ದ. ಇಲ್ಲಿ ಗುರುವನ್ನು ಬಿಟ್ಟು ಹೊರಡಲಾರದೆ ಅತ್ತ. ದಾರಿಯಲ್ಲಿ ಹಸಿದ. ಒಂದು ಕೇರಿಯಲ್ಲಿ ಭಿಕ್ಷೆ ಸಿಕ್ಕಿತು, ಇನ್ನೊಂದರಲ್ಲಿ ಬೈಗುಳ. ಪ್ರತಿ ನಾಲ್ಕು ಮಾತಿಗೆ ಕೇಳುವವರಲ್ಲಿ ಯಾರಾದರೂ "ಹೂಂ" ಅನ್ನುತ್ತಿದ್ದರು. ಆ ಹೂಂ ಕೇಳಿಸಿದ ಮೇಲೇ ತಾತ ಮುಂದಕ್ಕೆ ಹೋಗುತ್ತಿದ್ದುದು. ನಗಿಸುವ ಕಡೆ ನಗು ಬಂದರೆ ಆ ಮಾತನ್ನು ಇನ್ನಷ್ಟು ಎಳೆಯುತ್ತಿದ್ದರು, ಬರದಿದ್ದರೆ ಮೊಟಕು ಮಾಡುತ್ತಿದ್ದರು.

ಒಂದು ಗಂಟೆಯ ಸುಮಾರಿಗೆ, ಪಾಂಚಾಳರು ಕಬ್ಬಿಣವಿಲ್ಲ ಎಂದು ಬಾಗಿಲು ಹಾಕಿಕೊಂಡ ಮೇಲೆ, ತಾತ ನೇರ ನಂಜಿನ ಪ್ರಸಂಗಕ್ಕೆ ಬಂದರು. ಹಿಂದೆ ಕೂತಿದ್ದ ಒಬ್ಬ ಮುದುಕಿ ದನಿ ಎತ್ತಿದಳು: "ಅಯ್ಯೋ, ಹೆಣ್ಮಕ್ಳ ಮಾತೇ ಬರ್ಲಿಲ್ವಲ್ಲಪ್ಪ. ಅದ ನುಂಗ್ಬುಟ್ಯಾ?" ಜನ ನಕ್ಕರು. ತಾತ ತಂಬೂರಿ ಮೇಲೆ ಬೆರಳಿಟ್ಟು ಒಂದು ಗಳಿಗೆ ಸುಮ್ಮನಾದರು. ಡಕ್ಕಿಯವನು ಮೆಲ್ಲಗೆ ಏನೋ ಹೇಳಿದ. ಮತ್ತೆ ಹಿಂದಕ್ಕೆ ಹೋಗಿ, ಹಲಗೂರಿನ ಹೆಂಗಸರು ಭಿಕ್ಷೆಯವನ ಮೇಲೆ ಕನಿಕರಪಟ್ಟು ಗಂಡಂದಿರ ಜೊತೆ ಜಗಳವಾಡುವ ಭಾಗ ಹಾಡಿದರು. ಎರಡು ಕಡೆ ತಡವರಿಸಿದರು. ಆ ಮುದುಕಿಯೇ ಒಂದು ಪದ ಎತ್ತಿಕೊಟ್ಟಳು.

ಎರಡೂ ಮುಕ್ಕಾಲಿಗೆ ಸಿದ್ದಪ್ಪಾಜಿ ನಂಜು ಕುಡಿದ. ಬದುಕಿದ. ನನ್ನ ಚೀಟಿ ತಡೆದಿಟ್ಟಿದ್ದ ಬಟ್ಟಲು ಎರಡು ತಿಂಗಳ ಮೇಲೆ ನೆಲಕ್ಕಿಳಿಯಿತು. ಇಷ್ಟಕ್ಕೇ ಮೈ ಹಗುರಾಯಿತೆಂದರೆ ನೀವು ನಗಬಹುದು.

ಬೆಳಗಿನ ಜಾವ ಟೀ ಕುಡಿಯುತ್ತಾ ತಾತ ಹೇಳಿದ ಮಾತು ಮಾತ್ರ ಹಗುರಾದದ್ದಲ್ಲ.

"ಆಯಮ್ಮ ನೆನಪು ಮಾಡದಿದ್ರೆ ಆ ಭಾಗ ನಂಗೆ ಹೊಳೀತಲೇ ಇರ್ಲಿಲ್ಲ ಮಗಾ. ನಮ್ಮಪ್ಪ ಕಲಿಸಿದ್ದು. ಮೊದ್ಲೆಲ್ಲ ವರ್ಸಕ್ಕೆ ಮೂವತ್ತು ನಲವತ್ತು ಮನೇಲಿ ಕಥೆ ಮಾಡ್ಸೋರು. ಈಗ ಆರೋ ಏಳೋ. ಮಿಕ್ಕಿದ್ದೆಲ್ಲ ಸ್ಟೇಜು. ಹತ್ತು ನಿಮಿಷ, ಹದಿನೈದು ನಿಮಿಷ. ಸ್ಟೇಜಿಗೆ ಬೇಕಾದ್ದಷ್ಟೇ ಹಾಡಿ ಹಾಡಿ, ಬಾಯಿ ಅದಕ್ಕೇ ಪಳಗೋಯ್ತು. ಉಳಿದದ್ದು ಮಂಕಾಯ್ತಾ ಅದೆ."

ದೊಡ್ಡ ಮಗ ಬಿಡದಿಯ ಕಾರ್ಖಾನೆಯಲ್ಲಿದ್ದಾನೆ. ಚಿಕ್ಕವನು ಗೂಡ್ಸ್ ಆಟೋ ಓಡಿಸುತ್ತಾನೆ. ಇಬ್ಬರಿಗೂ ಹಾಡಲು ಬರುತ್ತದೆ, "ಆದ್ರೆ ಹದಿನೈದು ನಿಮಿಷದ್ದು."

ಜಾನಪದ ಸಾಯುತ್ತಿದೆ, ಯುವಕರು ಕಲಿಯುತ್ತಿಲ್ಲ, ಟೀವಿ ಬಂತು, ಮೊಬೈಲ್ ಬಂತು ಎಂದು ನಾವೆಲ್ಲ ಭಾಷಣ ಕೇಳಿದ್ದೇವೆ. ನಮ್ಮ ಸಂಘದ ವೇದಿಕೆಯ ಮೇಲೂ ಅತಿಥಿಗಳು ಅದನ್ನೇ 25 ನಿಮಿಷ ಹೇಳಿದ್ದರು. ಕಲೆಯನ್ನು ಉಳಿಸಲೆಂದು ನಾವು ಕೊಡುವ 12 ನಿಮಿಷವೇ ಹಾಡುಗಾರರಿಗೆ ಕಥೆಯನ್ನು ಮರೆಸುತ್ತಿರಬಹುದು ಎಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. ಬಾಯಲ್ಲಿರುವ ಕಾವ್ಯಕ್ಕೆ ಬ್ಯಾಕಪ್ ಅಂದರೆ ಆ ಮುದುಕಿ. ಪುಸ್ತಕವಿದೆ, ರೆಕಾರ್ಡಿಂಗ್ ಇದೆ, ಎರಡೂ ಇರಲೇಬೇಕು. ಆದರೆ ಹಾಡುಗಾರ ಒಂದು ಭಾಗ ನುಂಗಿದರೆ ಪುಸ್ತಕ ಎದ್ದು ಕೂಗುವುದಿಲ್ಲ. ಕಥೆ ಪೂರ್ತಿ ಗೊತ್ತಿರುವವರು ಎದುರಿಗೆ ಕೂತಿರಬೇಕು. ಅವರು ಹಾಗೆ ಕಲಿತದ್ದು ಮಕ್ಕಳಾಗಿದ್ದಾಗ ಕಂಬಕ್ಕೊರಗಿ ನಿದ್ದೆಗಣ್ಣಿನಲ್ಲಿ ಕೇಳಿಯೇ.

ವಾಪಸು ಬರುವಾಗ ಮಳವಳ್ಳಿಯಿಂದ ಕನಕಪುರದ ದಾರಿ ಹಿಡಿದೆವು. ಹಲಗೂರು ಬರುವುದು ಅದೇ ರಸ್ತೆಯಲ್ಲಿ. ಹೋಟೆಲಿನಲ್ಲಿ ಇಡ್ಲಿ ತಿಂದು ಹೊರಬಂದರೆ ಎದುರಿಗೆ ಒಂದು ವೆಲ್ಡಿಂಗ್ ಅಂಗಡಿ, ಕಿಡಿ ಹಾರುತ್ತಿತ್ತು. "ಕಬ್ಬಿಣ ಕೇಳೋಣ್ವಾ?" ಎಂದ ಚಿಕ್ಕಮ್ಮನ ಮಗ.

ಪುಣೆಗೆ ಬಂದು ಸಂಘದ ಮೀಟಿಂಗಿನಲ್ಲಿ ಹೇಳಿದೆ: ಮುಂದಿನ ವರ್ಷ ತಂಬೂರಿ ತಂಡ ರಾಜ್ಯೋತ್ಸವಕ್ಕೆ ಬೇಡ. ಬೇರೆ ದಿನ ರಾತ್ರಿ ಹತ್ತರಿಂದ ಬೆಳಗಿನ ತನಕ ಒಂದೇ ಸಾಲು ಹಾಡಿಸೋಣ. ಕೆಲವರು ನಕ್ಕರು. ಯಾರು ಕೂರುತ್ತಾರೆ ಸಾರ್, ನಾಳೆ ಆಫೀಸು ಅಂದರು. ಕೊನೆಗೆ 22 ಮನೆಯವರು ಒಪ್ಪಿದೆವು. ರೈಲು ಟಿಕೆಟ್ಟು, ಸಂಭಾವನೆ, ಊಟ ಎಲ್ಲ ಸೇರಿ 38,000 ರೂಪಾಯಿ ಹಂಚಿಕೊಂಡೆವು. ನಮ್ಮ ಸೊಸೈಟಿಯ ಕ್ಲಬ್‌ಹೌಸ್ ಕೇಳಿದೆವು. ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. ನಮಗೆ ಬೇಕಾಗಿಯೂ ಇರಲಿಲ್ಲ. ಅನುಮತಿ ಕೊಡಬೇಕಾದ ಕಾರ್ಯದರ್ಶಿ ಮರಾಠಿಯವರು. ರಾತ್ರಿಯಿಡೀ ಹಾಡುವುದೇ ಎಂದು ಅವರು ಹುಬ್ಬೇರಿಸುತ್ತಾರೆಂದು ಅಂದುಕೊಂಡಿದ್ದೆ. "ಅಂದರೆ ನಮ್ಮ ಖಂಡೋಬನ ಜಾಗರಣ್ ಗೋಂಧಳ್ ಇದ್ದ ಹಾಗೆ" ಅಂದು ಸಹಿ ಹಾಕಿದರು. ಹಾಗೆ ಹೇಳಿದವರು ಅಂದು ತಾವೂ ಬಂದು ಹನ್ನೆರಡರ ತನಕ ಕೂತರು. ಜೇಜೂರಿಯ ಖಂಡೋಬ ನಮ್ಮ ಮೈಲಾರನೇ ಅಲ್ಲವೇ.

ಮಾರ್ಚ್ ತಿಂಗಳ ಒಂದು ಶನಿವಾರ. ವೇದಿಕೆ ಇಲ್ಲ, ಜಮಖಾನೆ. ನಿರೂಪಣೆ ಇಲ್ಲ, ಹಾರ ತುರಾಯಿ ಇಲ್ಲ. ಮೂಲೆಯಲ್ಲಿ ದೀಪದ ಹತ್ತಿರ ಅಜ್ಜಿಯ ಫೋಟೋ ಇಟ್ಟಿದ್ದೆ. ಹುಬ್ಬಳ್ಳಿಯವರಿಗೆ, ಮಂಗಳೂರಿನವರಿಗೆ ಆ ಸೀಮೆಯ ಮಾತು ಹಿಡಿಯಲಿ ಎಂದು ಕಥೆಯ ಸಾರಾಂಶವನ್ನು ಮೊದಲೇ ವಾಟ್ಸಾಪಿನಲ್ಲಿ ಕಳಿಸಿದ್ದೆವು. "ಹೂಂ ಅನ್ನಲೇಬೇಕು" ಎಂದೂ ಬರೆದಿದ್ದೆವು. ಮೊದಲ ಒಂದು ಗಂಟೆ ಆ ಹೂಂ ಶಾಲೆಯ ಹಾಜರಿಯ ಹಾಗಿತ್ತು. ತಾತ ನಕ್ಕುಬಿಟ್ಟರು. ಶುರುವಿನಲ್ಲಿ 61 ಜನ. ಒಂದು ಗಂಟೆಗೆ 30. ನಂಜಿನ ಬಟ್ಟಲಿನ ಹೊತ್ತಿಗೆ ಎಚ್ಚರವಿದ್ದವರು 17 ಜನ, ನಾನೇ ಎಣಿಸಿದೆ. ಎಣಿಸುವ ಚಟ ಇನ್ನೂ ಹೋಗಿಲ್ಲ. ಹಲಗೂರಿನ ಹೆಂಗಸರ ಭಾಗ ಈ ಸಲ ತಪ್ಪಲಿಲ್ಲ, ಎಲ್ಲೂ ತಡವರಿಸಲೂ ಇಲ್ಲ. ಡಕ್ಕಿ ಹಿಡಿದಿದ್ದವನು ತಾತನ ಚಿಕ್ಕ ಮಗ. ಗೂಡ್ಸ್ ಆಟೋಗೆ ಎರಡು ದಿನ ರಜೆ ಹಾಕಿ ಬಂದಿದ್ದ.

ಹೋಗಿ ನೋಡಬೇಕೆನ್ನುವವರಿಗೆ: ಚಿಕ್ಕಲ್ಲೂರಿಗೆ ಕೊಳ್ಳೇಗಾಲದಿಂದ ಜಾತ್ರೆಯ ವೇಳೆ ಬಸ್ಸುಗಳಿವೆ. ಕಂಬಳಿ ಒಯ್ಯಿರಿ, ಕಾಡಿನ ಚಳಿ ಜೋರು. ಚಂದ್ರಮಂಡಲ ನೋಡಿ ಹಿಂದಿರುಗಬೇಡಿ, ಮರದ ಕೆಳಗೆ ಹಾಡುವವರು ಆಮೇಲೇ ಸಿಗುತ್ತಾರೆ. ಮೊಬೈಲ್ ಎತ್ತಿ ಹಿಡಿಯುವ ಮೊದಲು ಒಂದು ಮಾತು ಕೇಳಿ. ಅರ್ಧಕ್ಕೆ ಎದ್ದು ಬರಬೇಡಿ. ನಿಮ್ಮ ನಿಮ್ಮ ಊರಿನಲ್ಲಿ ಸಂಘವಿದ್ದರೆ, ವರ್ಷಕ್ಕೆ ಒಂದು ರಾತ್ರಿಯಾದರೂ ಗಡಿಯಾರ ಗೋಡೆಯಿಂದಿಳಿಸಿ ಇಡಿ. ಮೈಲಾರಲಿಂಗನದೋ ಜುಂಜಪ್ಪನದೋ ಸಿರಿಯದೋ, ನಿಮ್ಮ ಸೀಮೆಯ ಕಥೆ ಯಾವುದಾದರೂ ಆಗಲಿ.

ಅಂದು ಮಂಗಳ ಹಾಡುವಾಗ ಐದೂ ಹತ್ತು. ನನ್ನ ಏಳು ವರ್ಷದ ಮಗಳು ಗೋಡೆಗೊರಗಿ ನಿದ್ದೆ ಹೋಗಿದ್ದಳು. ತಾತ ಹೋಗಿ ಅವಳ ಹಣೆಗೆ ಧೂಳ್ತ ಇಟ್ಟರು. ಎದ್ದವಳು ಕಣ್ಣುಜ್ಜಿಕೊಂಡು ಕೇಳಿದಳು, "ಅವರು ಕೊನೆಗೆ ಕಬ್ಬಿಣ ಕೊಟ್ಟರಾ?"

"ಕೊಟ್ರು ಕಣವ್ವ," ಎಂದರು ತಾತ, ತಂಬೂರಿಯನ್ನು ಚೀಲದೊಳಗೆ ಇಳಿಸುತ್ತಾ. "ನೀನು ನಿದ್ದೆ ಮಾಡ್ದಾಗ ಕೊಟ್ರು. ಮುಂದಿನ್ ವರ್ಸ ಎದ್ದಿರು."